ಅಮ್ಮನ ಬೆರಳಚ್ಚಿನ ಎಲೆ

ಸ್ವಲ್ಪ ನಿಲ್ಲಿ, ಇದೊಂದನ್ನು ಪೂರ್ತಿ ಕೇಳಿಯೇ ಹೋಗಿ! ಕೊನೆಗೆ ನಿಮ್ಮನ್ನೊಂದು ಮಾತು ಕೇಳುವುದಿದೆ.

"ನಿನ್ನೆ ತಾನೇ ರಿಪೇರಿ ಮಾಡಿದ್ರಲ್ಲ! ಇದೇನಾ ನಿಮ್ಮ ರಿಪೇರಿ?"

ಅವಳ ಕೈಯಲ್ಲೊಂದು ಗಾಜಿನ ಭರಣಿ. ಅದರ ಸುತ್ತ ಹಬ್ಬಿಸಿದ್ದ ಪಾಲಿಮರ್ ಕ್ಲೇ ಬಳ್ಳಿ ಉಬ್ಬಿ, ಸುಟ್ಟು ಕರಕಲಾಗಿತ್ತು. ಅಡುಗೆಮನೆಯ ತುಂಬ ಘಾಟು.

ಎದುರಿಗಿದ್ದ ಓವನ್ ಮೆಕ್ಯಾನಿಕ್ ಓವನ್ನಿನ ಬಾಗಿಲು ತೆರೆದು ಒಳಗೆ ಬಗ್ಗಿ ನೋಡಿದ.

ಆ ಬಳ್ಳಿ ಅವಳಮ್ಮ ಕೊನೆಯದಾಗಿ ಮಾಡಿದ್ದು. ಬೇಯಿಸುವ ಮೊದಲೇ ಅಮ್ಮ ಹೋಗಿಬಿಟ್ಟಳು. ಈ ಕ್ಲೇ ಓವನ್ನಿನಲ್ಲಿ ಬೇಯಿಸುವ ತನಕ ಮೆತ್ತಗೇ ಇರುತ್ತದೆ... ಒಂದೊಂದು ಎಲೆಯ ಮೇಲೂ ಅಮ್ಮನ ಹೆಬ್ಬೆರಳ ಗೆರೆಗಳು! ಅವು ಅಳಿಸಿಹೋದಾವೆಂದು ಎರಡು ವರ್ಷ ಮುಟ್ಟಿರಲಿಲ್ಲ.

ನಿನ್ನೆ ಇವನೇ ಓವನ್ನಿನೊಳಗೆ ಥರ್ಮಾಮೀಟರ್ ಇಟ್ಟು ನೋಡಿ, "ನೂರಾ ಮೂವತ್ತು ಡಿಗ್ರಿ, ಅರ್ಧ ಗಂಟೆ. ಧೈರ್ಯವಾಗಿ ಇಡಿ, ನಾನಿದೀನಿ" ಎಂದಿದ್ದ. ಆ ‘ನಾನಿದೀನಿ’ಗೆ ಅವಳ ಎದೆ ಎಷ್ಟು ಹಗುರಾಗಿತ್ತು!

ಅವಳು ನಡುಮನೆಗೆ ಹೋಗಿ, ಅವನು ಕೆಲಸಕ್ಕಿದ್ದ ರಿಪೇರಿ ಅಂಗಡಿಯ ಮಾಲೀಕನಿಗೆ ಫೋನಿನಲ್ಲೇ ದಬಾಯಿಸಿದಳು. ಮರಳಿ ಬಂದಾಗ ಅಪ್ಪ ಮೂಲೆಯಲ್ಲಿ ಟವೆಲ್ ಹಿಂಡುತ್ತ ನಿಂತಿದ್ದರು.

"ತಪ್ಪು ನಂದೇ ಮೇಡಂ," ಎಂದ ಮೆಕ್ಯಾನಿಕ್.

ಆ ಕರಕಲನ್ನು ನೋಡಲಾರದೆ ಅವಳು ಭರಣಿಯನ್ನು ಕಸದ ಬುಟ್ಟಿಗೆ ಹಾಕಿದಳು. ಅವನ ಕೆಲಸವೂ ಹೋಯಿತು.

ಎಂಟು ದಿನ ಕಳೆದಿತ್ತು. ಅಂಗಡಿಯಿಂದ ಬಂದ ಇನ್ನೊಬ್ಬ ಮೆಕ್ಯಾನಿಕ್ ಓವನ್ ನೋಡಿಹೋಗಿದ್ದ. ಒಂದು ಪುಟ್ಟ ಫೋಟೋ ಫ್ರೇಮಿಗೆ ಕ್ಲೇ ಹೂ ಅಂಟಿಸಿ ಓವನ್ನಿಗಿಟ್ಟು, ಕೈ ತೊಳೆದು ಬಂದವಳು ಬಾಗಿಲಲ್ಲೇ ನಿಂತುಬಿಟ್ಟಳು. ಅಪ್ಪನ ಕೈ ಓವನ್ನಿನ ಗುಂಡಿಯ ಮೇಲಿತ್ತು. ಅದು ಇನ್ನೂರಿಪ್ಪತ್ತಕ್ಕೆ ಬಂದಿತ್ತು!

"ಅಪ್ಪಾ! ಏನ್ಮಾಡ್ತಿದೀರಾ?"

"ಬೇಗ ಆಗ್ಲಿ ಅಂತ ಪುಟ್ಟಿ... ಆವತ್ತೂ ಹಿಂಗೇ..." ಅಪ್ಪ ಗುಂಡಿಯಿಂದ ಕೈ ತೆಗೆದರು. "ಈಚೆಗೆ ಎಲ್ಲಾ ಮರ್ತೋಗುತ್ತೆ ಕಣೇ. ನೀನು ಫೋನಲ್ಲಿದ್ದಾಗ ಆ ಮೆಕ್ಯಾನಿಕ್ ಹುಡುಗನ ಹತ್ರ ನಾನೇ ತಿರುಗಿಸಿದ್ದು ಅಂತ ಹೇಳ್ದೆ. ‘ಸುಮ್ನಿರಿ ಸರ್, ನಾನು ನೋಡ್ಕೋತೀನಿ’ ಅಂದ."

ಅವಳು ಓವನ್ ಆರಿಸಿದಳು. ಅಂಗಡಿಯಲ್ಲಿ ಆ ಹುಡುಗನ ವಿಳಾಸ ಕೇಳಿಕೊಂಡು ಓಡಿದಳು.

ಅವನು ಮನೆಯ ಮುಂದಿನ ಕೋಣೆಯಲ್ಲಿ ಟೇಬಲ್ ಫ್ಯಾನ್ ಬಿಚ್ಚಿಕೊಂಡು ಕೂತಿದ್ದ. ಪಕ್ಕದಲ್ಲಿ... ಅದೇ ಭರಣಿ!

"ಆವತ್ತು ಹೋಗ್ತಾ ನಿಮ್ಮನೆ ಕಸ ಕದ್ದಿದೀನಿ, ಸಾರಿ," ಎಂದ. "ಎಲ್ಲಾ ಕರಕಲು. ಬುಡದ ಹತ್ರ ಒಂದೆಲೆ ಬರೀ ಕಂದು ಬಣ್ಣ ಆಗಿದೆ ಅಷ್ಟೇ. ನೋಡಿ."

ಅವಳು ತನ್ನ ಹೆಬ್ಬೆರಳನ್ನು ಮೆಲ್ಲಗೆ ಆ ಎಲೆಯ ಮೇಲಿಟ್ಟಳು. ಗೆರೆಗಳಿದ್ದವು. ಅಮ್ಮ ಇದ್ದಳು!

ಅಳು ಉಕ್ಕಿ ಬಂತು. "ನಿಜ ಹೇಳೋಕೇನಾಗಿತ್ತು ನಿಮ್ಗೆ? ಎಷ್ಟು ಬೈದೆ ನಾನು!"

"ಆವತ್ತು ಸಿಟ್ಟಲ್ಲಿ ನನ್ನ ನೋಡಿದ ಹಂಗೇ ನಿಮ್ಮಪ್ಪನ್ನೂ ನೋಡ್ತಿದ್ರಿ. ನಾನಾದ್ರೆ ಎದ್ದು ಮನೆಗೆ ಹೋಗ್ಬೋದು. ಅವ್ರೆಲ್ಲಿಗೆ ಹೋಗ್ತಾರೆ?"

ಅವಳು ಸೆರಗಿನಲ್ಲಿ ಮೂಗೊರೆಸಿಕೊಂಡಳು.

"ನಮ್ಮನೇಲಿ ಓವನ್ ಕಾಯೋಕೆ ಒಬ್ರು ಬೇಕು..."

"ಅರ್ಧ ಗಂಟೆಗಾ?"

"ಜೀವನಪೂರ್ತಿ."

ಅವನ ಕೈಯಲ್ಲಿದ್ದ ಸ್ಕ್ರೂಡ್ರೈವರ್ ಠಣ್ಣೆಂದು ನೆಲಕ್ಕೆ ಬಿತ್ತು. "ಆವತ್ತೇ ಹೇಳಿದ್ನಲ್ಲ. ನಾನಿದೀನಿ ಅಂತ."

ಈಗ ನೀವು ಹೇಳಿ... ಅವನ ಜಾಗದಲ್ಲಿ ನೀವಿದ್ದಿದ್ದರೆ, ಆ ದಿನ ಬಾಯಿ ಬಿಡುತ್ತಿದ್ದಿರಾ?