ಒಲ್ಲೆ ಅಂದವರು

“ಬೆನ್ನಿಗೂ ಹಚ್ಚೋ ಮಾರಾಯ. ಹೆಗಲಿಗೆ ಎರಡು ಹನಿ ಸವರಿ ಆಯ್ತು ಅಂದ್ರೆ ಹೇಗೆ?”

“ಹಚ್ಚಾಕತ್ತೀನಲ್ಲ. ನೀ ನೆಟ್ಟಗ ಕುಂದ್ರು ಮೊದಲ.”

ಶೈಲೇಶನ ಬೆರಳು ಅವಳ ಬೆನ್ನ ಮೇಲೆ ಸನ್‌ಸ್ಕ್ರೀನ್‌ನಲ್ಲಿ ಏನೋ ಬರೆಯುತ್ತಿತ್ತು. ಲಾವಣ್ಯಾ ಕಣ್ಣು ಮುಚ್ಚಿ ಓದಲು ನೋಡಿದಳು. ಮೊದಲನೆಯದು ‘ಲಾ’. ಎರಡನೆಯದು ಮುಗಿಯುವಷ್ಟರಲ್ಲಿ ಕಚಗುಳಿ ತಡೆಯಲಾಗಲಿಲ್ಲ. ತಿರುಗಿದರೆ ಆಸಾಮಿ ಏನೂ ಅರಿಯದವನ ಹಾಗೆ ಸಮುದ್ರ ನೋಡುತ್ತ ಕೂತಿದ್ದ. ತುಟಿಯ ಒಂದು ತುದಿ ಮಾತ್ರ ನಗುತ್ತಿತ್ತು. ಮೂರು ವರ್ಷದ ಹಿಂದೆ ಜರ್ಮನಿಯ ಕಾರ್ಲ್ಸ್‌ರುಹೆಯ ಕನ್ನಡದವರ ಯುಗಾದಿ ಊಟದಲ್ಲಿ ಅವಳು ಸೋತದ್ದು ಆ ಒಂದು ತುದಿಗೇ.

ಇಟಲಿಯ ರಿಮಿನಿ ಊರಿನ ಕಡಲತೀರದಲ್ಲಿ ಆ ಶನಿವಾರ ಕಾಲಿಡಲು ಜಾಗವಿರಲಿಲ್ಲ. ಸಾಲು ಸಾಲು ಬಣ್ಣದ ಛತ್ರಿಗಳು, ಪ್ರತಿ ಛತ್ರಿಗೂ ಒಂದು ನಂಬರು, ಅದರಡಿ ಎರಡು ಮಂಚ. ಇಟಲಿಯ ಅಜ್ಜಿಯರು ಸೊಂಟದವರೆಗಿನ ನೀರಿನಲ್ಲಿ ಗುಂಪಾಗಿ ನಿಂತು, ಬೀದಿ ನಲ್ಲಿಯ ಹತ್ತಿರ ಕೊಡ ಹಿಡಿದವರಂತೆ ಗಂಟೆಗಟ್ಟಲೆ ಹರಟುತ್ತಿದ್ದರು. ಜರ್ಮನಿಯಿಂದ ಬಂದ ಸಂಸಾರಗಳು ಬೆಳಗ್ಗೆ ಏಳಕ್ಕೇ ಟವೆಲು ಹಾಸಿ ಜಾಗ ಹಿಡಿದಿದ್ದವು. ಒಬ್ಬ ಬಕೆಟ್ಟಿನಲ್ಲಿ ತೆಂಗಿನಕಾಯಿ ಹೋಳು ಹೊತ್ತು “ಕೊಕ್ಕೋ, ಕೊಕ್ಕೋ” ಎಂದು ಕೂಗುತ್ತ ಬಂದ.

“ನಮ್ಮ ಮೈಸೂರಲ್ಲಿ ಕಾಯಿ ಒಡೆದ್ರೆ ಮಕ್ಕಳಿಗೆ ಪುಕ್ಕಟೆ ಕೊಡೋ ಚೂರು ಇದು. ಇಲ್ಲಿ ಕೂಗಿ ಮಾರ್ತಾರಲ್ಲೋ.”

“ತಗೋತಿ ಏನು?”

“ಹೂಂ. ತಿನ್ನೋ ಆಸೆಗಲ್ಲ, ಮರ್ಯಾದೆಗೆ.”

ಅವನು ಕೊಡಿಸಿದ. ಅವಳು ಅರ್ಧ ಕಚ್ಚಿ ಉಳಿದರ್ಧ ಅವನ ಬಾಯಿಗಿಟ್ಟಳು. ಅವನು ಕಾಯಿಯ ಜೊತೆಗೆ ಬೆರಳನ್ನೂ ಮೆಲ್ಲಗೆ ಕಚ್ಚಿ ಹಿಡಿದು ಕಣ್ಣಲ್ಲಿ ಕಣ್ಣಿಟ್ಟ. ಪಕ್ಕದ ಛತ್ರಿಯ ಮುದುಕ ಪೇಪರು ಮಡಚಿ ಬೇರೆ ಕಡೆ ತಿರುಗಿ ಕೂತ.

ಆದರೂ ಅವಳ ಎದೆ ಬೆಳಗಿನಿಂದ ಒಂದೇ ಮಾತಿಗೆ ಕಾಯುತ್ತಿತ್ತು. “ಅವ್ವ ಒಪ್ಪಲಿ ಬಿಡಲಿ, ಇಟಲಿಗೆ ಹೋದ ದಿನ ಮದುವಿ ಮಾತು ಹೇಳೇ ಬಿಡ್ತೀನಿ,” ಎಂದು ಅವನು ಭಾಷೆ ಕೊಟ್ಟಿದ್ದ. ಅಲ್ಲಿಂದ ದೂರದ ಯೇನಾ ಊರಿನ ಒಂದು ಲೆನ್ಸ್ ಕಂಪನಿ ಅವಳಿಗೆ ಒಳ್ಳೆಯ ಕೆಲಸ ಕೊಟ್ಟಿತ್ತು. ಸೋಮವಾರದೊಳಗೆ ಉತ್ತರ ಹೇಳಬೇಕಿತ್ತು. “ನಿಮ್ಮಮ್ಮನಿಗೆ ಹೇಳಿದ್ರೆ ಕಾರ್ಲ್ಸ್‌ರುಹೆಯಲ್ಲೇ ಇರ್ತೀನಿ. ಹೇಳದಿದ್ರೆ ಯೇನಾಕ್ಕೆ ಹೋಗ್ತೀನಿ,” ಎಂದು ಅವಳೂ ಅಂದಿದ್ದಳು. ಅಂದಮೇಲೆ ಎರಡು ರಾತ್ರಿ ನಿದ್ದೆ ಬಂದಿರಲಿಲ್ಲ.

ಶೈಲೇಶನ ತಾಯಿ ಗುರವ್ವನಿಗೆ ಬೈಲಹೊಂಗಲದಲ್ಲಿ ಬ್ಲೌಸ್ ಹೊಲಿಯುವ ಅಂಗಡಿ. ಭಾನುವಾರ ಮಧ್ಯಾಹ್ನ ತಪ್ಪದೆ ಮಗನಿಗೆ ವೀಡಿಯೊ ಕಾಲ್. ಆ ಹೊತ್ತಿಗೆ ಅದೇ ಮನೆಯಲ್ಲಿದ್ದ ಲಾವಣ್ಯಾ ಬಾಲ್ಕನಿಗೋ ಅಡುಗೆಮನೆಗೋ ಸರಿಯಬೇಕು. ಜನವರಿಯ ಚಳಿಯಲ್ಲೂ ಸರಿದಿದ್ದಳು. ಕೇಳಿದರೆ ಅವನದು ಒಂದೇ ಪಾಠ. “ಅವ್ವ ಒಪ್ಪಂಗಿಲ್ಲ ಲಾವೂ. ನಮ್ಮ ಮಂದಿ ಅಲ್ಲ, ನಮ್ಮ ಕಡೀದಾಕಿ ಅಲ್ಲ ಅಂತಾಳ. ಒಂದೀಟು ತಡಿ.”

ತಡೆದಳು. ಬರೀ ಕೈಕಟ್ಟಿ ಕೂರುವ ಹುಡುಗಿಯಲ್ಲ ಅವಳು. ಕಾಣದ ಅತ್ತೆಯನ್ನು ಗೆಲ್ಲಬೇಕೆಂದು ಜೋಳದ ಹಿಟ್ಟು ತಂದು, ವೀಡಿಯೊ ನೋಡಿ ನೋಡಿ ರೊಟ್ಟಿ ಬಡಿಯಲು ಕಲಿತಳು. ಭಾನುವಾರ ಸದ್ದು ಮಾಡಬಾರದೆಂದು ಕೆಳಗಿನ ಮನೆಯ ಜರ್ಮನ್ ಮುದುಕಿ ಪೊರಕೆ ಹಿಡಿಯಿಂದ ಚಾವಣಿ ಕುಟ್ಟಿದರೂ ಬಿಡಲಿಲ್ಲ. ಮೊದಮೊದಲು ರೊಟ್ಟಿ ನಾಲ್ಕು ಹೋಳಾಗುತ್ತಿತ್ತು. ಶೈಲೇಶ ಆ ಹೋಳನ್ನೂ ತಿಂದು, “ನಮ್ಮವ್ವನ ಕೈ ಬಂತು ನಿನಗ,” ಅನ್ನುತ್ತಿದ್ದ. ಹಿಟ್ಟು ಮೆತ್ತಿದ ಆ ಕೈಯನ್ನೇ ಹಿಡಿದು ಅವನು ಎಷ್ಟೋ ಸಲ ರೊಟ್ಟಿ ಸೀಯಿಸಿದ್ದುಂಟು. ಪ್ರೀತಿ ಇರಲಿಲ್ಲ ಎಂದು ಯಾರಾದರೂ ಅಂದರೆ ನಾನು ಒಪ್ಪುವುದಿಲ್ಲ. ಇತ್ತು, ಮನೆ ತುಂಬ ಇತ್ತು.

ನಾಲ್ಕು ಗಂಟೆಗೆ ಇಬ್ಬರೂ ನೀರಿನಿಂದ ಮೇಲೆ ಬಂದರು. ಅವಳ ಕೂದಲಿಂದ ಇಳಿದ ಹನಿಗಳನ್ನು ಅವನು ಟವೆಲಿನ ತುದಿಯಿಂದ ಒಂದೊಂದಾಗಿ ಒತ್ತಿ ತೆಗೆದ.

“ಯಾವಾಗ ಹೇಳ್ತೀಯಾ?”

“ಐಸ್‌ಕ್ರೀಮ್ ತಿಂದು ಹೇಳ್ತೀನಿ.”

“ಕಳೆದ ವರ್ಷ ಹಬ್ಬ ಮುಗಿಸಿ ಹೇಳ್ತೀನಿ ಅಂದಿದ್ದೆ ಕಣೋ.”

“ಕಣೋ ಅನಬ್ಯಾಡ. ನೀ ಕಣೋ ಅಂದ್ರ ನಾ ಹೇಳೂದೆಲ್ಲಾ ಮರ್ತು ಬಿಡ್ತೀನಿ,” ಎಂದು ಅವಳ ಮೂಗು ಹಿಂಡಿ ಅವನು ಐಸ್‌ಕ್ರೀಮ್ ಅಂಗಡಿಯ ಕಡೆ ಓಡಿದ. ಕ್ಯೂ ರಸ್ತೆಯವರೆಗೆ ಬಂದಿತ್ತು. ಫೋನನ್ನು ಮಂಚದ ಮೇಲೆಯೇ ಬಿಟ್ಟಿದ್ದ.

ಫೋನು ಹೊಡೆದುಕೊಂಡಿತು. ಪರದೆಯ ಮೇಲೆ ‘ಅವ್ವ’, ವೀಡಿಯೊ ಕಾಲ್. ಲಾವಣ್ಯಾ ಥಟ್ಟನೆ ಎದ್ದು ಛತ್ರಿಯಿಂದ ಆಚೆ ಸರಿದು ನಿಂತಳು. ಕಾಲ್ ಎತ್ತುವವನೇ ಇಲ್ಲ, ತಾನು ಯಾರಿಂದ ಅಡಗುತ್ತಿದ್ದೇನೆ ಎಂದು ಆಮೇಲೆ ಹೊಳೆಯಿತು. ಸುಡುವ ಮರಳಿನಲ್ಲಿ ನಿಂತು ಒಬ್ಬಳೇ ನಕ್ಕಳು.

ನಿಂತ ಫೋನು ಮತ್ತೆ ಬಂತು. ಮೂರನೇ ಸಲವೂ ಬಂದಾಗ ನಗು ಹೋಯಿತು. ಶನಿವಾರ ಎಂದೂ ಬಾರದ ಕಾಲ್. ಊರಲ್ಲಿ ಯಾರಿಗೆ ಏನಾಯಿತೋ. ಟವೆಲನ್ನು ಹೆಗಲ ತುಂಬ ಹೊದ್ದು ಕಾಲ್ ಎತ್ತಿದಳು.

“ಶೈಲ್ಯಾ, ಎಲ್ಲಿ ಸತ್ತಿದ್ದೀ…” ಎಂದು ಶುರುವಾದ ಮಾತು ಅಲ್ಲಿಗೇ ನಿಂತಿತು. ಕೊರಳಲ್ಲಿ ಅಳತೆಯ ಟೇಪು ನೇತುಹಾಕಿಕೊಂಡ ದುಂಡು ಮುಖದ ಹೆಂಗಸು ಕನ್ನಡಕ ಸರಿಮಾಡಿಕೊಂಡು ನೋಡಿದಳು.

“ನಮಸ್ಕಾರ ಅಮ್ಮಾ. ಅವರು ಐಸ್‌ಕ್ರೀಮ್ ತರೋಕೆ ಹೋಗಿದಾರೆ. ನಾನು ಅವರ ಆಫೀಸಿನ…”

“ನೀನ ಅಲ್ಲೇನವಾ, ರೊಟ್ಟಿ ಬಡಿಯಾಕಿ?”

ಲಾವಣ್ಯಾ ಟವೆಲನ್ನು ಇನ್ನಷ್ಟು ಬಿಗಿಯಾಗಿ ಎಳೆದುಕೊಂಡಳು.

“ಅಂಜಬ್ಯಾಡ. ಎರಡು ವರ್ಸದ ಹಿಂದ ಫೋನಿನ್ಯಾಗ ಸಪ್ಪಳ ಕೇಳಿದ್ನಿ. ನನ್ನ ಮಗಗ ರೊಟ್ಟಿ ತಿನ್ನೂದು ಗೊತ್ತೈತಿ, ಬಡಿಯೂದು ಎಲ್ಲಿ ಗೊತ್ತೈತಿ? ಯಾರಲೇ ಅಕಿ ಅಂತ ಕೇಳಿದೆ. ಲಾವಣ್ಯಾ ಅಂತ, ಮೈಸೂರ ಕಡೀದಾಕಿ ಅಂದ. ಕರ್ಕೊಂಡು ಬಾ, ಅಕ್ಕಿಕಾಳು ಹಾಕಿ ಮದುವಿ ಮುಗಿಸೇ ಬಿಡೂಣು ಅಂದೆ.”

“ಎರಡು ವರ್ಷದ ಹಿಂದೆನಾ?”

“ಹೌದವಾ. ಇಳಕಲ್ ಸೀರಿ ತಂದಿಟ್ಟೀನಿ, ಖಣದ ಕುಪ್ಪಸದ ಅರಿವಿ ತಂದಿಟ್ಟೀನಿ. ಅಕಿ ಅಳತಿ ಕಳಸೋ ಅಂದ್ರ ಕಳಸವಲ್ಲ. ಕಣ್ಣಳತಿ ಮ್ಯಾಲೆ ಹೊಲೀಲಿ ಅಂದ್ರ ನಾ ನಿನ್ನ ನೋಡೇ ಇಲ್ಲ.” ಟವೆಲು ಎಳೆದುಕೊಳ್ಳುತ್ತಿದ್ದ ಲಾವಣ್ಯಾಳನ್ನು ಕಂಡು ಗುರವ್ವ ನಕ್ಕಳು. “ಇರಲಿ ಬಿಡು. ಸಮುದ್ರಕ್ಕ ಸೀರಿ ಉಟ್ಕೊಂಡು ಇಳೀತಾರೇನು?”

ಲಾವಣ್ಯಾಳೂ ನಕ್ಕಳು. ಗುರವ್ವ ದನಿ ತಗ್ಗಿಸಿದಳು.

“ಒಂದು ಮಾತು ಕೇಳ್ತೀನಿ, ಬ್ಯಾಸರ ಮಾಡ್ಕೋಬ್ಯಾಡ. ಆಮ್ಯಾಲ ಅಂವ ಹೇಳಿದ, ಅಕಿಗೆ ಮದುವಿ ಬ್ಯಾಡಂತ, ಅಕಿ ಒಲ್ಲೆ ಅಂತಾಳ ಅಂತ. ಆತು, ಕಾಯೂಣು ಅಂದೆ ನಾ. ಖರೇ ಹೇಳವಾ, ಟೇಪು ಹಾಕ್ಕೊಂಡು ಕುಂದ್ರೂ ಮಂದಿ ಅಂತ ನಮ್ಮನ್ನ ಒಲ್ಲೆ ಅಂದೀ ಏನು?”

“ಇಲ್ಲಮ್ಮಾ. ಖಂಡಿತ ಹಾಗಲ್ಲ.”

ನಿಮ್ಮ ಮಗ ಸುಳ್ಳ ಎಂದು ತಾಯಿಯ ಮುಖ ನೋಡಿ ಹೇಗೆ ಹೇಳುವುದು? ನಾಳೆ ಮದುವೆಯೊಂದಕ್ಕೆ ಹೋಗಬೇಕು, ಅದಕ್ಕೇ ಇವತ್ತೇ ಫೋನ್ ಹಚ್ಚಿದೆ, ಅವನು ಬಂದರೆ ಹೇಳು ಎಂದು ಗುರವ್ವ ಕಾಲ್ ಇಟ್ಟಳು.

ಲಾವಣ್ಯಾ ಮಂಚದ ಅಂಚಿನಲ್ಲಿ ಕೂತಳು. ಯಾವ ಒಪ್ಪಿಗೆಗೆ ಅವಳು ಬಾಲ್ಕನಿಯಲ್ಲಿ ನಡುಗುತ್ತ ನಿಂತಿದ್ದಳೋ ಅದು ಎರಡು ವರ್ಷದಿಂದ ಬೈಲಹೊಂಗಲದಲ್ಲಿ ಇಸ್ತ್ರಿ ಮಾಡಿ ಮಡಚಿಟ್ಟಿತ್ತು. ಮಗನ ಬಾಯಿಂದ ಒಂದು ಹೂಂ ಬರಲೆಂದು ಅಲ್ಲಿ ಆ ಹೆಂಗಸು ಕಾದಿದ್ದಳು, ಇಲ್ಲಿ ಇವಳು ಕಾದಿದ್ದಳು. ನಡುವೆ ನಿಂತವನು ಇವಳ ಹೆಸರು ಅಲ್ಲಿ ಹೇಳಿ, ಅವಳ ಹೆಸರು ಇಲ್ಲಿ ಹೇಳಿ, ಇಬ್ಬರ ಬಾಯಿಯನ್ನೂ ಮುಚ್ಚಿಸಿದ್ದ. ಸುತ್ತ ಮಕ್ಕಳು ಕಿರುಚಾಡುತ್ತಿದ್ದವು, ಎಲ್ಲೋ ಹಾಡು ಹಾಕಿದ್ದರು. ಅವಳಿಗೆ ಅಳುವೂ ಬರಲಿಲ್ಲ.

“ಹಿಡಿ ಲಗೂನ, ನಿನ್ನ ಪಿಸ್ತಾ ಕರಗಾಕತ್ತೈತಿ.” ಶೈಲೇಶ ಎರಡೂ ಕೈಯಲ್ಲಿ ಕೋನ್ ಹಿಡಿದು ನಿಂತಿದ್ದ. ಬಿಸಿಲಿಗೆ ಕೆನ್ನೆ ಕೆಂಪಾಗಿತ್ತು. ಎಷ್ಟು ಚೆನ್ನಾಗಿದ್ದಾನೆ ಎಂದು ಆ ಗಳಿಗೆಯಲ್ಲೂ ಅನ್ನಿಸಿತಲ್ಲ, ಅದಕ್ಕೆ ಅವಳಿಗೆ ತನ್ನ ಮೇಲೆಯೇ ಸಿಟ್ಟು ಬಂತು.

“ನಿಮ್ಮಮ್ಮ ಫೋನ್ ಮಾಡಿದ್ರು.”

“ನೀ ಎತ್ತಿದಿ ಏನು?”

ಏನಂದಳು, ಹೇಗಿದ್ದಾಳೆ, ಯಾವುದನ್ನೂ ಅವನು ಕೇಳಲಿಲ್ಲ. ಆ ಮೊದಲ ಪ್ರಶ್ನೆಯಲ್ಲೇ ಅವಳಿಗೆ ಎಲ್ಲ ಗೊತ್ತಾಯಿತು.

“ಸೀರೆ ತಂದಿಟ್ಟಿದಾರಂತೆ. ಅಳತೆ ಕೇಳಿದ್ರು.”

ಕೋನ್‌ನಿಂದ ಹಸಿರು ಇಳಿದು ಅವನ ಮೊಣಕೈವರೆಗೆ ಬಂತು. ಒರೆಸಿಕೊಳ್ಳಲಿಲ್ಲ. ಅವಳ ಎದುರು ಮರಳಿನ ಮೇಲೆ ಕೂತ.

“ನಾನು ಒಲ್ಲೆ ಅಂದಿದ್ನಾ ಶೈಲು?”

“ಇಲ್ಲ.”

“ಅವರು ಒಲ್ಲೆ ಅಂದಿದ್ರಾ?”

“ಇಲ್ಲ.” ಅವನು ತಲೆ ಎತ್ತಲಿಲ್ಲ. “ನೀ ಬ್ಯಾಡ ಅಂತಲ್ಲ ಲಾವೂ. ನಿನ್ನ ಬಿಟ್ರ ನನಗ ಯಾರೂ ಇಲ್ಲ, ಖರೇನ. ಆದ್ರ ಮದುವಿ ಅಂದ ಕೂಡ್ಲೆ ಉಸಿರು ಕಟ್ಟತೈತಿ. ಯಾಕ ಅಂತ ನನಗೂ ತಿಳಿಯವಲ್ದು. ಹಿಂಗ ಹೇಳಿದ್ರ ನೀ ಹೊಂಟು ಹೋಗ್ತಿದ್ದಿ. ಅದಕ್ಕ ಅವ್ವನ ಮುಂದ ಮಾಡಿದೆ.”

“ನಾನಿಲ್ಲದಿದ್ರೆ?”

“ಆಗೂ ಉಸಿರು ಕಟ್ಟತೈತಿ.”

“ಇದ್ರೂ ಕಟ್ಟುತ್ತೆ, ಇಲ್ಲದಿದ್ರೂ ಕಟ್ಟುತ್ತೆ. ಹಾಗಾದ್ರೆ ನಾನೇನು ಮಾಡಲಿ?” ಅವಳ ದನಿ ಏರಲಿಲ್ಲ. “ನಿಜ ಹೇಳಿದ್ರೆ ಹೋಗ್ತಿದ್ದೆ, ಹೌದು. ಅತ್ತುಕೊಂಡು ಹೋಗ್ತಿದ್ದೆ. ಆದ್ರೆ ಒಬ್ಬ ಒಳ್ಳೆ ಹೆಂಗಸಿನ ಮೇಲೆ ಇಷ್ಟು ವರ್ಷ ಸಿಟ್ಟು ಇಟ್ಕೊಂಡಿರ್ತಿರಲಿಲ್ಲ.”

ಅವನು ಎರಡೂ ಕೋನನ್ನು ಒಂದೇ ಕೈಗೆ ತಂದುಕೊಂಡು ಅವಳ ಪಾದ ಹಿಡಿಯಲು ಇನ್ನೊಂದು ಕೈ ಚಾಚಿದ. ಅವಳು ಕಾಲು ಹಿಂದಕ್ಕೆಳೆದುಕೊಂಡಳು. ಎಳೆದುಕೊಂಡದ್ದಕ್ಕೆ ಅವಳ ಜೀವವೇ ನೊಂದಿತು, ಸುಳ್ಳೇಕೆ ಹೇಳಲಿ.

“ನಾಳೇನ ಹೋಗೂಣು. ಊರಿಗೆ. ಮದುವಿ ಆಗ್ತೀನಿ,” ಅಂದ ಅವನು.

ಇಷ್ಟು ವರ್ಷ ಕಾದ ಮಾತು ಕೊನೆಗೂ ಬಂತು. ಬಂದಾಗ ಅವನ ಮುಖ ಹಲ್ಲಿನ ಡಾಕ್ಟರ ಕುರ್ಚಿಯಲ್ಲಿ ಕೂತವನದಾಗಿತ್ತು. ಲಾವಣ್ಯಾ ಆ ಮುಖವನ್ನು ಬಹಳ ಹೊತ್ತು ನೋಡಿದಳು. ಪ್ರೀತಿಸಿದ ಮುಖ. ಇಷ್ಟು ಹೆದರಿಸಿ ಪಡೆದದ್ದನ್ನು ಇಟ್ಟುಕೊಂಡು ಬದುಕುವುದು ತನ್ನಿಂದಾಗದು ಎಂದು ಅವಳಿಗೆ ಆಗ ಸ್ಪಷ್ಟವಾಯಿತು.

“ಬೇಡ ಕಣೋ. ಮದುವೆ ಬೇಡ. ನನಗೆ ಒಂದೇ ಒಂದು ಕೊಡು.” ಫೋನನ್ನು ಅವನ ಮುಂದಿಟ್ಟಳು. “ಒಲ್ಲೆ ಅಂದವಳು ನಾನಲ್ಲ ಅಂತ ನಿಮ್ಮಮ್ಮನಿಗೆ ಹೇಳು. ಟೇಪು ಹಾಕ್ಕೊಂಡು ಕೂರೋ ಮಂದಿ ಅಂತ ನಾನು ಬೇಡ ಅಂದೆ ಅಂದ್ಕೊಂಡಿದಾರೆ ಅವರು. ಅಷ್ಟು ಹೇಳು, ಸಾಕು.”

“ಹೇಳಿದ್ರ ನೀ ಇರ್ತೀಯೇನು?”

“ಇಲ್ಲ.”

ಅವನು ಕೈಯಲ್ಲಿದ್ದುದನ್ನು ಕಸದ ಬುಟ್ಟಿಗೆ ಹಾಕಿ ಬಂದ. ಕೈ ತೊಳೆದುಕೊಂಡ. ಫೋನ್ ಎತ್ತಿದ, ಇಟ್ಟ, ಮತ್ತೆ ಎತ್ತಿದ. ಕೊನೆಗೆ ಹಚ್ಚಿದ. ಲಾವಣ್ಯಾ ಪಕ್ಕದ ಮಂಚದಲ್ಲಿ ಕದಲದೆ ಕೂತಿದ್ದಳು.

“ಅವ್ವಾ.”

“ಹೇಳಪಾ. ಹುಡುಗಿ ಭಾಳ ಚಲೋ ಅದಾಳಲೇ, ನೋಡಿದೆ.”

“ಅವ್ವಾ, ಒಲ್ಲೆ ಅಂದಾಕಿ ಅಕಿ ಅಲ್ಲ. ಅಕಿಗೆ ಏನೂ ಗೊತ್ತಿರಲಿಲ್ಲ. ನೀ ಒಲ್ಲೆ ಅಂತೀದಿ ಅಂತ ನಾ ಅಕಿಗೆ ಸುಳ್ಳು ಹೇಳಿದ್ದೆ. ಒಲ್ಲೆ ಅಂದಾಂವ ನಾನ.”

ಬೈಲಹೊಂಗಲದಲ್ಲಿ ಹೊಲಿಗೆ ಮಿಷಿನ್ ನಿಂತಿತು. ಶೈಲೇಶ ಅಳುತ್ತಿದ್ದ. ಅವನನ್ನು ಎದೆಗೆ ಒತ್ತಿಕೊಳ್ಳಲು ಏಳುತ್ತಿದ್ದ ತನ್ನ ಕೈಯನ್ನು ಲಾವಣ್ಯಾ ತೊಡೆಯ ಕೆಳಗಿಟ್ಟು ಕೂತಳು.

“ಫೋನ್ ಅಕಿ ಕೈಯಾಗ ಕೊಡು,” ಅಂದಳು ಗುರವ್ವ. ಮಗನಿಗೆ ಅಷ್ಟೇ ಮಾತು.

ಲಾವಣ್ಯಾ ಫೋನ್ ತೆಗೆದುಕೊಂಡಳು. ಕ್ಷಮೆ ಕೇಳುತ್ತಾರೋ, ತಾಳಿಕೋ ಎನ್ನುತ್ತಾರೋ ಎಂದು ಎದೆ ಗಟ್ಟಿ ಮಾಡಿಕೊಂಡಳು.

“ಉಂಡೀ ಏನವಾ?”

ಇಡೀ ದಿನ ಬಾರದ ಅಳು ಆಗ ಬಂತು.

“ಇಲ್ಲ, ಅವ್ವಾ.”

“ಮೊದಲ ಉಣ್ಣು. ಖಾಲಿ ಹೊಟ್ಟೀಲೆ ಅಳಬಾರದು. ಫೋನ್ ಇಡಬ್ಯಾಡ, ನೀ ಉಣ್ಣೂದು ನಾ ನೋಡ್ತೀನಿ.”

ಅವಳು ಅಂಗಿ ತೊಟ್ಟು, ಚೀಲ ಹೆಗಲಿಗೇರಿಸಿದಳು. “ನಾ ಬರ್ಲಿ?” ಎಂದು ಶೈಲೇಶ ಅರ್ಧ ಎದ್ದ. “ಬೇಡ. ಫೋನು ಆಮೇಲೆ ಕೊಡ್ತೀನಿ,” ಅಂದಳು.

ರಸ್ತೆಯಂಚಿನ ಅಂಗಡಿಯಲ್ಲಿ ಒಂದು ತುಂಡು ಪಿಜ್ಜಾ ತೆಗೆದುಕೊಂಡು, ಜನರ ಗದ್ದಲದ ನಡುವೆ ಎತ್ತರದ ಮೇಜಿನ ಮೇಲೆ ಫೋನನ್ನು ನೀರಿನ ಬಾಟಲಿಗೆ ಒರಗಿಸಿಟ್ಟಳು. ಮೊದಲ ತುತ್ತು ನುಂಗಲು ನೀರು ಕುಡಿಯಬೇಕಾಯಿತು.

ಗುರವ್ವ ನೋಡುತ್ತಿದ್ದಳು. ಅವಳ ಕನ್ನಡಕವೂ ಮಂಜಾಗಿತ್ತು.

“ಇನ್ನೊಂದು ತುತ್ತು,” ಅಂದಳು.

ಲಾವಣ್ಯಾ ಇನ್ನೊಂದು ತುತ್ತು ತಿಂದಳು.