ಹತ್ತು ನಲವತ್ತರ ವರದಿ

“ಏನು ತಪ್ಪು ಒತ್ತಿದ್ರಿ?”

ಒಳಗೆ ಕಾಲಿಟ್ಟವನ ಮೊದಲ ಮಾತೇ ಇದು. ನಮಸ್ಕಾರವಿಲ್ಲ, ಹೆಸರು ಕೇಳಲಿಲ್ಲ, ತೊಟ್ಟಿಕ್ಕುವ ಕೊಡೆಯನ್ನು ಮೂಲೆಗಿಡುವಷ್ಟೂ ತಾಳ್ಮೆಯಿಲ್ಲ...

ವರದಾ ಕುರ್ಚಿಯಿಂದ ಏಳಲಿಲ್ಲ. ಕಂಪ್ಯೂಟರಿನ ಕಪ್ಪು ಪರದೆಯಿಂದ ಕಣ್ಣು ತೆಗೆದು ಅವನನ್ನು ಮೇಲಿಂದ ಕೆಳಗೆ ನೋಡಿದಳು.

“ನೀವು ಏನು ತಪ್ಪು ಬರೆದ್ರಿ?” ಎಂದಳು.

ಬೆಂಗಳೂರಿನ ಕಂಪನಿಯಿಂದ ಬಂದ ಇಂಜಿನಿಯರನ್ನು ಸಾಗರದ ಒಂದು ಸಣ್ಣ ಕಚೇರಿಯ ತಾತ್ಕಾಲಿಕ ಆಪರೇಟರ್ ಹುಡುಗಿ ಹೀಗೆ ಕೇಳಬಹುದೆಂದು ಅವನಿಗೆ ಯಾರೂ ಹೇಳಿ ಕಳಿಸಿರಲಿಲ್ಲ. ಅವನ ಹೆಸರು ತಿಪ್ಪೇಸ್ವಾಮಿ, ಊರು ಚಿತ್ರದುರ್ಗದ ಕಡೆ. ಅದು ೧೯೮೮ರ ಜುಲೈ.

ಕಚೇರಿಯ ಕೆಲಸ ಇಷ್ಟೇ. ಹೊಸನಗರ, ತೀರ್ಥಹಳ್ಳಿ, ಸಾಗರದ ಸುತ್ತಲಿನ ಮಳೆಮಾಪಕಗಳಿಂದ ದಿನಾ ಬೆಳಿಗ್ಗೆ ಫೋನಿನಲ್ಲಿ ಅಳತೆ ಬರುತ್ತಿತ್ತು. ವರದಾ ಅದನ್ನು ಬರೆದುಕೊಂಡು ಕಂಪ್ಯೂಟರಿಗೆ ತುಂಬಿಸಬೇಕು. ಲಿಂಗನಮಕ್ಕಿ ಅಣೆಕಟ್ಟಿಗೆ ಎಷ್ಟು ನೀರು ಬರಬಹುದೆಂಬ ಅಂದಾಜು ಅದರಿಂದ ಹೊರಡುತ್ತಿತ್ತು. ಆದರೆ ತಿಪ್ಪೇಸ್ವಾಮಿ ಬರೆದ ಪ್ರೋಗ್ರಾಂ ಮಳೆ ಜೋರಾದ ದಿನವೇ ಸತ್ತು ಬೀಳುತ್ತಿತ್ತು. ಯಾಕೆಂದು ಯಾರಿಗೂ ಗೊತ್ತಿಲ್ಲ.

ಬೈಗುಳ ಮಾತ್ರ ವರದಾಳಿಗೆ. ಮೇಲಧಿಕಾರಿ ನಾರಾಯಣಮೂರ್ತಿಯವರಿಗೆ ಯಂತ್ರದ ಮೇಲೆ ಅಪಾರ ಗೌರವ, ಮನುಷ್ಯರ ಮೇಲೆ ಅಷ್ಟಿಲ್ಲ. ಅವಳು ಕೆಲಸಕ್ಕೆ ಸೇರಿದ ವಾರದಿಂದಲೇ ಅವರು ಅವಳ ಬೆರಳುಗಳನ್ನು ಅನುಮಾನದಿಂದ ನೋಡುತ್ತಿದ್ದರು.

ಅವಳಿಗೆ ಆ ಕುರ್ಚಿ ಸುಮ್ಮನೆ ಸಿಕ್ಕಿದ್ದಲ್ಲ. ಹೊಸನಗರದ ಹತ್ತಿರದ ಹಳ್ಳಿಯಲ್ಲಿ ಅಪ್ಪ ಬೆಳ್ಳಪ್ಪ ಅರ್ಧ ಆಯಸ್ಸು ಬೇರೆಯವರ ಗದ್ದೆ ಗೇಯ್ದವನು. ಕಚೇರಿಯ ಜಗುಲಿಯಲ್ಲಿ ನಿಂತೇ ಅಭ್ಯಾಸವಾದ ಆ ಮನೆಯಲ್ಲಿ, ಕಚೇರಿಯೊಳಗೆ ಕೂತು ಕೆಲಸ ಮಾಡಿದ ಮೊದಲನೆಯವಳು ವರದಾ. ಏಳು ಅಂದರೆ ಏಳುವ ಜಾತಿಯವಳಲ್ಲ ಅವಳು.

ತಿಪ್ಪೇಸ್ವಾಮಿ ಮೂರು ವಾರ ಸಾಗರದಲ್ಲೇ ಉಳಿದ. ಪ್ರೋಗ್ರಾಂ ಬಿದ್ದಾಗ, ಕಂಪ್ಯೂಟರನ್ನು ನಡೆಸುವ ಯುನಿಕ್ಸ್ ವ್ಯವಸ್ಥೆ ತಾನಾಗಿಯೇ ಒಂದು ದೊಡ್ಡ ಫೈಲ್ ಬಿಟ್ಟುಹೋಗುತ್ತದೆ. ಅದರಲ್ಲಿ ಬೀಳುವ ಕ್ಷಣದಲ್ಲಿ ನಡೆದದ್ದೆಲ್ಲ ಇರುತ್ತದೆ. ಅದು ಕಂಪ್ಯೂಟರಿನ ಜಾಗ ತಿನ್ನುತ್ತದೆಂದು, ಬಂದ ಮೊದಲ ದಿನವೇ ಅವನು ಗೋಡೆಗೆ ಚೀಟಿ ಅಂಟಿಸಿದ್ದ. ಪ್ರೋಗ್ರಾಂ ಬಿದ್ದರೆ ಮೊದಲು ಆ ಫೈಲ್ ಅಳಿಸಿ, ಆಮೇಲೆ ಮತ್ತೆ ಶುರು ಮಾಡಿ ಎಂದು.

ಮೂರನೆಯ ವಾರ ಅವನಿಗೆ ಬೇರೊಂದು ಯೋಚನೆ ಬಂತು. ಆ ಫೈಲನ್ನೇ ಓದಿ ವರದಿ ಕೊಡುವ ಸಣ್ಣ ಪ್ರೋಗ್ರಾಂ ಬರೆದ. ಎಷ್ಟು ಗಂಟೆಗೆ ಬಿತ್ತು, ಯಾರು ಕೂತಿದ್ದರು, ಕೊನೆಗೆ ಏನು ಒತ್ತಿದರು... ಮೂರೇ ಸಾಲು. ಹಳೆಯ ಚೀಟಿಯ ಕೆಳಗೆ ಇನ್ನೊಂದು ಸಾಲು ಸೇರಿಸಿದ, ಕೊನೆಯಲ್ಲಿ ವರದಿ ತೆಗೆಯಿರಿ ಎಂದು.

ಪರೀಕ್ಷೆ ಮಾಡಲು ಅವಳನ್ನೇ ಕೂರಿಸಿದ. ತೀರ್ಥಹಳ್ಳಿಯ ಫೋನ್ ಲೈನ್ ಅವತ್ತು ಕೆಟ್ಟಿತ್ತು, ಅವಳಿಗೂ ಬಿಡುವು. ಚುಕ್ಕಿಯ ಕೀ ಒತ್ತಿ ಹಿಡಿಯಿರಿ, ಅದು ಬೀಳುವವರೆಗೂ ಬಿಡಬೇಡಿ ಎಂದ. ಪರದೆ ತುಂಬ ಚುಕ್ಕಿಗಳು ಓಡಿ, ಪ್ರೋಗ್ರಾಂ ದಬಕ್ಕನೆ ನಿಂತಿತು. ಅದು ಬಿಟ್ಟ ಫೈಲಿನ ನಕಲೊಂದನ್ನು ಅವನು ಮಾದರಿಗೆಂದು ಉಳಿಸಿಟ್ಟ. ಕೆಡಿಸಿದ್ದಕ್ಕೆ ಶಹಭಾಸ್ ಸಿಕ್ಕಿದ್ದು ಇದೇ ಮೊದಲು ಎಂದು ವರದಾ ನಕ್ಕಳು. ಅವನು ವರದಿ ನೋಡುವುದು ಬಿಟ್ಟು ಅವಳನ್ನೇ ನೋಡುತ್ತ ಕೂತ.

‘ಇವನು ಹೀಗೆ ನೋಡಬಾರದು...’ ಎಂದುಕೊಂಡಳು. ನೋಡಲಿ ಎಂದೂ ಅನ್ನಿಸಿತು.

ಮರುದಿನ ಅವನು ಹೊರಟ. ಪತ್ರ ಬರೆಯುತ್ತೇನೆ ಎಂದ. ಎರಡು ಬರೆದ ಕೂಡ.

ಮೂರನೆಯದು ಕಂಪನಿಯ ಲಕೋಟೆಯಲ್ಲಿ, ನಾರಾಯಣಮೂರ್ತಿಯವರ ಹೆಸರಿಗೆ ಬಂತು.

ಆಗಸ್ಟಿನಲ್ಲಿ ಪ್ರೋಗ್ರಾಂ ಮೂರು ಸಲ ಬಿದ್ದಿತ್ತು. ವರದಾ ಚೀಟಿಯಲ್ಲಿದ್ದಂತೆ ಫೈಲ್ ಅಳಿಸಿ ಮತ್ತೆ ಶುರು ಮಾಡುತ್ತಿದ್ದಳು. ವರದಿಯನ್ನು ನಾರಾಯಣಮೂರ್ತಿಯವರೇ ತೆಗೆದು, ಅವಳಿಗೆ ತೋರಿಸದೆ ಬೆಂಗಳೂರಿಗೆ ಕಳಿಸುತ್ತಿದ್ದರು. ಈಗ ಉತ್ತರ ಬಂದಿದೆ. ಪ್ರೋಗ್ರಾಂನಲ್ಲಿ ದೋಷವಿಲ್ಲ, ಆಪರೇಟರ್ ಕೀ ಮೇಲೆ ಕೈಯಿಟ್ಟು ತೂಕಡಿಸಿದ್ದಾರೆ! ಕೆಳಗೆ ಸಹಿ... ತಿಪ್ಪೇಸ್ವಾಮಿಯದು.

ವರದಾ ಪತ್ರವನ್ನು ಇನ್ನೊಮ್ಮೆ ಓದಿದಳು. ಬೇರೆ ಯಾರು ಬರೆದಿದ್ದರೂ ಅವಳು ನಕ್ಕುಬಿಡುತ್ತಿದ್ದಳು. ಆ ಸಹಿ ಅವಳ ಟ್ರಂಕಿನಲ್ಲಿದ್ದ ಎರಡು ಪತ್ರಗಳ ಕೆಳಗೂ ಇತ್ತು.

ತಪ್ಪೊಪ್ಪಿಗೆ ಬರೆದು ಸಹಿ ಹಾಕಿ ಕೆಲಸ ಬಿಟ್ಟರೆ ದಾಖಲೆಯಲ್ಲಿ ಏನೂ ಉಳಿಯದಂತೆ ನೋಡಿಕೊಳ್ಳುತ್ತೇನೆ ಎಂದರು ನಾರಾಯಣಮೂರ್ತಿ. ಇಲ್ಲದಿದ್ದರೆ ತಾವೇ ತೆಗೆದುಹಾಕಬೇಕಾಗುತ್ತದಂತೆ, ಸೋಮವಾರದವರೆಗೆ ಸಮಯವಂತೆ.

“ಓದದೆ ಸಹಿ ಹಾಕಲ್ಲ ಸರ್. ಆ ಮೂರು ವರದಿ ಕೊಡಿ,” ಎಂದಳು.

ಅವರು ಕೊಡಲಿಲ್ಲ. ಅವಳು ಅವರ ಮೇಜಿನ ಮುಂದಿನಿಂದ ಕದಲಲಿಲ್ಲ. ಮಧ್ಯಾಹ್ನ ಊಟಕ್ಕೂ ಹೋಗಲಿಲ್ಲ. ಬಂದವರೆಲ್ಲ ಏನಾಯಿತಮ್ಮ ಎಂದು ಕೇಳತೊಡಗಿದಾಗ, ನಾರಾಯಣಮೂರ್ತಿಯವರು ಮರ್ಯಾದೆಗೆ ಅಂಜಿ ಫೈಲು ತೆಗೆದು ಮೇಜಿನ ಮೇಲೆ ಹಾಕಿದರು.

ಮೂರೂ ವರದಿಯಲ್ಲಿ ಹತ್ತು ಗಂಟೆ ನಲವತ್ತು ನಿಮಿಷ. ಮೂರರಲ್ಲೂ ವರದಾ. ಮೂರರಲ್ಲೂ ಕೊನೆಗೆ ಒತ್ತಿದ್ದು ಚುಕ್ಕಿಗಳ ಉದ್ದದ ಸಾಲು. ತಾರೀಖಂತೂ ಎಲ್ಲೂ ಇರಲಿಲ್ಲ, ಮಹಾಶಯ ಅದನ್ನು ಬರೆಸುವುದನ್ನೇ ಮರೆತಿದ್ದ.

ಅವಳಿಗೆ ಹೊಳೆಯಿತು. ಹತ್ತು ನಲವತ್ತಕ್ಕೆ ಅವಳು ದಿನಾ ತೀರ್ಥಹಳ್ಳಿಯ ಅಳತೆ ಬರೆದುಕೊಳ್ಳುತ್ತ ಫೋನಿನ ಹತ್ತಿರ ನಿಂತಿರುತ್ತಾಳೆ. ಆ ಹೊತ್ತಿನಲ್ಲಿ ಕಂಪ್ಯೂಟರಿನ ಮುಂದೆ ಕೂತಿದ್ದದ್ದು ಒಂದೇ ದಿನ. ಅವನೇ ಪಕ್ಕದಲ್ಲಿ ಕೂತು ನಗಿಸಿದ ದಿನ...

‘ನೀನೇ ಒತ್ತಿಸಿದ ಚುಕ್ಕಿ ಕಣೋ ಇದು! ಅದನ್ನೂ ಮರೆತೆಯಾ?’

ಕಣ್ಣು ತುಂಬಿತು. ಒರೆಸಿಕೊಳ್ಳಲಿಲ್ಲ, ಸೀದಾ ಅಂಚೆ ಕಚೇರಿಗೆ ನಡೆದು ತಂತಿ ಕೊಟ್ಟಳು. ನಿಮ್ಮ ವರದಿ ಸುಳ್ಳು, ಬಂದು ನೋಡಿ. ಅಷ್ಟೇ.

ಶನಿವಾರ ಬೆಳಿಗ್ಗೆ ಅವನು ಬಂದ. ಅವಳು ಬನ್ನಿ ಎನ್ನಲಿಲ್ಲ, ಮೂರು ಹಾಳೆಗಳನ್ನು ಸಾಲಾಗಿ ಇಟ್ಟಳು.

ತಿಪ್ಪೇಸ್ವಾಮಿ ಮೂರನ್ನೂ ಒಂದೊಂದಾಗಿ ನೋಡಿದ. ಎದ್ದು ಹೋಗಿ ಗೋಡೆಯ ಚೀಟಿ ಓದಿದ. ಮೊದಲು ಫೈಲ್ ಅಳಿಸಿ, ಕೊನೆಯಲ್ಲಿ ವರದಿ ತೆಗೆಯಿರಿ. ಅವನದೇ ಕೈಬರಹ. ಫೈಲೇ ಇಲ್ಲದ ಮೇಲೆ ವರದಿಗೆ ಓದಲು ಇನ್ನೇನಿದೆ? ಪರೀಕ್ಷೆಯ ದಿನ ಉಳಿಸಿಟ್ಟ ನಕಲನ್ನೇ ಅದು ಮೂರು ಸಲವೂ ಒಪ್ಪಿಸಿತ್ತು.

ಅವನು ಚೀಟಿ ಕಿತ್ತು ಜೇಬಿಗೆ ಹಾಕಿಕೊಂಡ. ಇನ್ನು ಬಿದ್ದರೆ ಯಾರೂ ಏನೂ ಮುಟ್ಟಬಾರದು ಎಂದ.

ಹೆಚ್ಚು ಕಾಯಬೇಕಾಗಲಿಲ್ಲ. ಸೋಮವಾರ ಬೆಳಿಗ್ಗೆ, ನಾರಾಯಣಮೂರ್ತಿಯವರು ತಪ್ಪೊಪ್ಪಿಗೆಯ ಕಾಗದ ಹಿಡಿದು ಬರುವ ಹೊತ್ತಿಗೇ ಪ್ರೋಗ್ರಾಂ ಬಿತ್ತು. ಈ ಸಲ ವರದಿ ನಿಜ ಹೇಳಿತು. ಕೂತಿದ್ದವಳು ವರದಾ. ಕೊನೆಗೆ ಒತ್ತಿದ್ದು ಹೊಸನಗರದ ಘಟ್ಟದಂಚಿನ ಮಾಪಕದ ಅಳತೆ. ಅದೇ ತಾರೀಖಿನ ಎರಡನೆಯ ಅಳತೆ.

ಒಂದು ದಿನಕ್ಕೆ ಎರಡು ಹೇಗೆ ಬರುತ್ತದೆ ಎಂದು ತಿಪ್ಪೇಸ್ವಾಮಿ ಕೇಳಿದ. ವರದಾ ಫೋನೆತ್ತಿ, ಆ ಮಾಪಕ ನೋಡಿಕೊಳ್ಳುವ ಜಟ್ಟಿಂಗಪ್ಪನನ್ನು ಕರೆಸಿ, ರಿಸೀವರನ್ನು ತಿಪ್ಪೇಸ್ವಾಮಿಯ ಕೈಗೆ ಕೊಟ್ಟಳು.

“ಮಾಪಕದ ಬಾಟ್ಲಿ ತುಂಬಿ ಚೆಲ್ಲೋಕ್ ಮುಂಚೆ ಖಾಲಿ ಮಾಡ್ಬೇಕಲ್ಲ ಸ್ವಾಮಿ?” ಎಂದ ಜಟ್ಟಿಂಗಪ್ಪ. “ಜೋರು ಹೊಡೆದ್ರೆ ಎರಡ್ ಸಲ ಅಳೀತೀನಿ. ಎರಡೂ ಹೇಳ್ತೀನಿ. ನನ್ನಪ್ಪನ ಕಾಲ್ದಿಂದ್ಲೂ ಹಂಗೇ.”

ತಿಪ್ಪೇಸ್ವಾಮಿ ಮೆಲ್ಲಗೆ ಫೋನ್ ಇಟ್ಟ. ದಿನಕ್ಕೊಂದೇ ಅಳತೆ ಎಂದು ಪ್ರೋಗ್ರಾಂ ಬರೆದಿದ್ದ. ಅವನ ಊರಲ್ಲಿ ಇಡೀ ಮಳೆಗಾಲ ಕಾದರೂ ಆ ಬಾಟಲಿ ಒಂದು ದಿನದಲ್ಲಿ ತುಂಬಿದ್ದಿಲ್ಲ.

ನಾರಾಯಣಮೂರ್ತಿಯವರು ಗಂಟಲು ಸರಿಮಾಡಿಕೊಂಡು, ತಾಂತ್ರಿಕ ಕಾರಣ ಎಂದು ಬರೆದು ಮುಗಿಸೋಣ, ಯಾರ ಹೆಸರೂ ಬೇಡ ಎಂದರು. ವರದಾ ಒಪ್ಪಲಿಲ್ಲ.

“ತೂಕಡಿಸಿದ್ಲು ಅಂತ ಬರೆಯೋವಾಗ ನನ್ನ ಹೆಸರು ಬೇಕಿತ್ತು. ಈಗ ಯಾಕೆ ಬೇಡ?”

ತಿಪ್ಪೇಸ್ವಾಮಿ ಅಲ್ಲೇ ಕೂತು ಬರೆದ. ಪ್ರೋಗ್ರಾಂ ತಪ್ಪು ನನ್ನದು, ವರದಿಯ ತಪ್ಪು ನನ್ನದು, ಚೀಟಿಯ ತಪ್ಪೂ ನನ್ನದು. ವರದಾ ಅವರ ಕೆಲಸದಲ್ಲಿ ದೋಷವಿಲ್ಲ. ಕಂಪನಿ ಇದಕ್ಕೆ ಅವನನ್ನು ಸುಮ್ಮನೆ ಬಿಡುವುದಿಲ್ಲವೆಂದು ಅವಳಿಗೂ ಗೊತ್ತಿತ್ತು. ಆದರೂ ತಡೆಯಲಿಲ್ಲ. ಎರಡು ಸಲ ಓದಿ, ನಾರಾಯಣಮೂರ್ತಿಯವರ ಮುಂದಿಟ್ಟಳು. ತಪ್ಪೊಪ್ಪಿಗೆಯ ಕಾಗದವನ್ನು ಅವರೇ ಹರಿದರು.

ಕೆಲಸ ಉಳಿಯಿತು. ಸಿಟ್ಟೂ ಉಳಿಯಿತು.

ಸಂಜೆ ಬಸ್ ನಿಲ್ದಾಣದಲ್ಲಿ ಬೆಂಗಳೂರಿನ ಬಸ್ಸು ನಿಂತಿತ್ತು. ಅವನು ಹತ್ತಲಿಲ್ಲ. ಹೊಸನಗರದ ಬಸ್ಸಿಗೆ ಕಾಯುತ್ತಿದ್ದ ಅವಳ ಎದುರು ಬಂದು ನಿಂತ.

“ಆ ಹಾಳೆಗಳನ್ನ ನೋಡಿದ್ರೆ ಚುಕ್ಕಿ ಗುರುತು ಸಿಗ್ತಿತ್ತು ನಿಮ್ಗೆ,” ಎಂದಳು, ರಸ್ತೆ ನೋಡುತ್ತ.

“ನೋಡಲೇ ಇಲ್ಲ. ಕಂಪನಿಯಲ್ಲಿ ಕಾಗದದ ಕಟ್ಟು ಮುಂದಿಟ್ರು, ಓದದೆ ಸಹಿ ಹಾಕ್ದೆ.”

“ನನ್ನ ಕೆಲಸ ಇತ್ತು ಅದ್ರಲ್ಲಿ.”

“ಗೊತ್ತು...” ಎಂದ ಅವನು. “ಕ್ಷಮಿಸಿ ಅನ್ನೋಕೂ ಮುಖ ಇಲ್ಲ ನನಗೆ. ಆದ್ರೆ ನಿಮ್ಮನ್ನ ಬಿಟ್ಟು ಹೋಗೋಕೂ ಆಗ್ತಿಲ್ಲ ವರದಾ. ನಾನು ನಿಮ್ಮನ್ನ ಪ್ರೀತಿಸ್ತೀನಿ.”

ಅವಳಿಗೆ ಅಳು, ಕೋಪ, ಸಂತೋಷ ಒಟ್ಟಿಗೇ ನುಗ್ಗಿ ಬಂದವು. ಮೂರನ್ನೂ ನುಂಗಿಕೊಂಡಳು. ಕೇಳುವುದು ಇನ್ನೂ ಬಾಕಿಯಿತ್ತು.

“ಮುಂದೆ ಯಾರಾದ್ರೂ ನನ್ನ ಮೇಲೆ ಕಾಗದ ತಂದ್ರೆ?”

“ಮೊದ್ಲು ನಿಮ್ಮನ್ನ ಕೇಳ್ತೀನಿ.”

“ತಪ್ಪು ನಿಜವಾಗ್ಲೂ ನಂದೇ ಆಗಿದ್ರೆ?”

“ಆಗ್ಲೂ ನಿಮ್ಮನ್ನೇ ಮೊದ್ಲು ಕೇಳ್ತೀನಿ.”

ಹೊಸನಗರದ ಬಸ್ಸು ಬಂತು. ಜನ ನುಗ್ಗಿದರು. ವರದಾ ಕದಲಲಿಲ್ಲ. ಕಂಡಕ್ಟರ್ ಬರ್ತೀರೇನಮ್ಮ ಎಂದು ಕೂಗಿದರೂ ಅವಳಿಗೆ ಕೇಳಿಸಲಿಲ್ಲ.

“ಭಾನುವಾರ ನಮ್ಮನೆಗೆ ಬಂದು ಅಪ್ಪಯ್ಯನ್ನ ಕೇಳಿ,” ಎಂದಳು. “ಅದಕ್ಕಿಂತ ಮುಂಚೆ ನನ್ನ ಕೇಳ್ಬೇಕು.”

“ನನ್ನ ಮದುವೆ ಆಗ್ತೀರಾ?”

“ಕೆಲಸ ಬಿಡಲ್ಲ ನಾನು.”

“ಬಿಡಿ ಅನ್ನಲ್ಲ.”

“ತಪ್ಪು ಕಂಡ್ರೆ ಸುಮ್ನಿರಲ್ಲ.”

“ಸುಮ್ನಿದ್ದಿದ್ರೆ ನಾನಿವತ್ತು ಇಲ್ಲಿರ್ತಿರ್ಲಿಲ್ಲ.”

ವರದಾ ಆ ಸಂಜೆ ಮೊದಲ ಸಲ ಅವನ ಕಣ್ಣನ್ನು ನೇರವಾಗಿ ನೋಡಿದಳು. ಅವನ ಕೈ ಹಿಡಿದುಕೊಂಡಳು, ಇಡೀ ಬಸ್ ನಿಲ್ದಾಣ ನೋಡುತ್ತಿದ್ದರೂ.

“ಆಗ್ತೀನಿ,” ಎಂದಳು.