ಮೇಷ್ಟ್ರ ಕುರ್ಚಿಯ ಮೇಲಿಟ್ಟ ಫೋನು

ಭಾನುವಾರ ಬೆಳಿಗ್ಗೆ ಕುರುಬರಹಳ್ಳಿಯ ಸಭಾಂಗಣದಲ್ಲಿ ಐಶ್ವರ್ಯಳ ವಚನಗಾಯನವಿತ್ತು. ಹೋದ ವರ್ಷ ತೀರಿಕೊಂಡ ಅವಳ ಗುರು ರುದ್ರಮುನಿ ಮೇಷ್ಟ್ರಿಗೆಂದು ಮುಂದಿನ ಸಾಲಿನಲ್ಲಿ ಶಾಲು ಹೊದಿಸಿದ ಕುರ್ಚಿಯೊಂದನ್ನು ಬಿಟ್ಟಿದ್ದರು. ಖಾಲಿ ಕುರ್ಚಿ ತಾನೇ, ಹಾಡೂ ಅಲ್ಲೇ ಚೆನ್ನಾಗಿ ಕೇಳುತ್ತದೆ ಎಂದು ರೆಕಾರ್ಡಿಂಗಿಗೆ ನನ್ನ ಫೋನನ್ನು ಅದರ ಮೇಲಿಟ್ಟೆ. ತೆಗೆಯುವಾಗ ಶಾಲು ಬೆಚ್ಚಗಿತ್ತು.

ಮರುದಿನ ಮಧ್ಯಾಹ್ನ ವಿಜಯನಗರದ ಮನೆಯಲ್ಲಿ, ಲ್ಯಾಪ್‌ಟಾಪಿನಲ್ಲಿ ಆ ರೆಕಾರ್ಡಿಂಗಿನ ವಾಲ್ಯೂಮ್ ಸಮ ಮಾಡುತ್ತಾ ಕೂತೆ. ಚಪ್ಪಾಳೆಯನ್ನು ತಗ್ಗಿಸಿ ಮೆಲುದನಿ ಇದ್ದ ಕಡೆ ಏರಿಸಿದಾಗ, ಯಾರೋ ತೊಡೆಯ ಮೇಲೆ ತಾಳ ಹಾಕುತ್ತಿರುವುದು ತೀರಾ ಹತ್ತಿರದಿಂದ ಕೇಳಿಸಿತು. ಒಂದು ಕಡೆ ಐಶ್ವರ್ಯ ತಾಳ ತಪ್ಪಿದಳು. ಆ ಕೈಯೂ ನಿಂತಿತು. ಅವಳು ಸಾಲನ್ನು ಮೊದಲಿಂದ ಎತ್ತಿಕೊಂಡ ಮೇಲೆ ಮತ್ತೆ ಶುರುವಾಯಿತು. ವಾಲ್ಯೂಮನ್ನು ಪೂರ್ತಿ ಇಳಿಸಿದೆ. ಹಾಡು ಹೋಯಿತು, ತಾಳ ಹೋಗಲಿಲ್ಲ.

ಲ್ಯಾಪ್‌ಟಾಪ್ ಆಫ್ ಮಾಡಿದ ಮೇಲೆ ನಿಂತಿತು. ಐಶ್ವರ್ಯಳಿಗೆ ಫೋನ್ ಮಾಡಿದೆ.

“ಆ ಸಾಲು ಯಾಕಮ್ಮ ಎರಡು ಸಲ ಹಾಡ್ದೆ?”

“ತಾಳ ತಪ್ಪಿತ್ತಲ್ಲ ಅಂಕಲ್. ಮೇಷ್ಟ್ರು ಇದ್ದಿದ್ರೆ ಬಿಡ್ತಿದ್ರಾ?” ಎಂದವಳು ಮತ್ತೆ ಕೇಳಿದಳು, “ನಿಮ್ಮ ಪಕ್ಕ ತಾಳ ಹಾಕ್ತಿರೋದು ಯಾರು?”

ಮನೆಯಲ್ಲಿ ನಾನೊಬ್ಬನೇ ಇದ್ದೆ. ನನಗೇನೂ ಕೇಳಿಸುತ್ತಿರಲಿಲ್ಲ. ಕಿವಿಗೆ ಹಿಡಿದಿದ್ದುದು ಮಾತ್ರ ಆ ಕುರ್ಚಿಯ ಮೇಲಿಟ್ಟಿದ್ದ ಅದೇ ಫೋನು.